ಸ್ವಾತಿಯ ಮಾತಿಗೆ ನಾನು ಹೇಳಿದ ಅರ್ಥ

ಸ್ವಾತಿ ಹೇಳಿದ್ದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಬೇರೇನೋ ಹೇಳಿದೆ. ಮರೆತು ಅಲ್ಲ, ಗಾಬರಿಯಲ್ಲಿ ಬಾಯಿತಪ್ಪಿಯೂ ಅಲ್ಲ — ಬೇಕೆಂದೇ.

ಸ್ವಾತಿ ನನ್ನ ಅಕ್ಕನ ಮಗಳು. ಅಕ್ಕ ಬೈಂದೂರಿನಲ್ಲಿ ಮೀನು ಮಾರುತ್ತಾಳೆ. ನಾನು ಕುಂದಾಪುರದಲ್ಲಿ ಹೈಸ್ಕೂಲ್ ಟೀಚರ್. ಅದೇ ಮೀನಿನ ಬುಟ್ಟಿಯ ಅನ್ನ ಉಂಡು ಓದಿದವಳು ನಾನು — ಆದರೆ ಸ್ಟಾಫ್ ರೂಮಿನಲ್ಲಿ ಆ ಮಾತು ಎತ್ತಿದವಳಲ್ಲ. ಎಂಟನೇ ಕ್ಲಾಸಿಗೆ ಸ್ವಾತಿಯನ್ನು ನನ್ನ ಮನೆಗೆ ಕರೆತಂದೆ. ಇವಳನ್ನು ಡಾಕ್ಟರ್ ಮಾಡಿಯೇ ಸೈ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಓದಲು ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಮಾರ್ಕ್ಸ್ ಇಳಿದರೆ ನನ್ನದು ಒಂದೇ ಮಾತು: "ಬುಟ್ಟಿ ಹೊರೂಕೇ ಹುಟ್ಟಿದ್ದ್ ನೀನ್." ಒಂದು ದಿನವೂ ಕೈ ಎತ್ತಿದವಳಲ್ಲ ನಾನು. ಅದೇ ನನ್ನ ದೊಡ್ಡಸ್ತಿಕೆಯಾಗಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ಬೆಳಿಗ್ಗೆ ಜಡೆ ಹಾಕುವಾಗ ಕಂಡಿತು — ಕಿವಿಯ ಮೇಲೆ ಅಡಿಕೆಯಷ್ಟಗಲ ಕೂದಲೇ ಇಲ್ಲ. ಎಣ್ಣೆ ಬದಲಿಸಿದೆ. ಬೋಳು ಇನ್ನೂ ಹರಡಿತು. ಅಬ್ಬಲಿಗೆ ಹೂವಿನ ದಂಡೆ ಮುಡಿಸಿ, ಮುಚ್ಚಿ ಶಾಲೆಗೆ ಕಳಿಸಿದೆ. ಪುಸ್ತಕದ ಹಾಳೆಗಳ ನಡುವೆ, ದಿಂಬಿನ ಕೆಳಗೆ ಕಿತ್ತ ಕೂದಲು ಸಿಕ್ಕಿದ ಮೇಲಷ್ಟೇ ಅಕ್ಕನಿಗೆ ಫೋನ್ ಮಾಡಿದ್ದು.

ಮಕ್ಕಳ ಮನಸ್ಸಿನ ಡಾಕ್ಟರ್ ಘಟ್ಟದ ಮೇಲಿನವರು. ಹುಡುಗಿ ಒಬ್ಬಳ ಹತ್ತಿರ ಮಾತ್ರ ಮಾತಾಡುತ್ತೇನೆ, ನೀವಿಬ್ಬರೂ ಹೊರಗಿರಿ ಅಂದರು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹೆದರಿದೆ. ನಮ್ಮ ಕುಂದಾಪ್ರ ಕನ್ನಡ ನಿಮಗೆ ತಿಳಿಯುವುದಿಲ್ಲ ಸರ್, ಅಳುತ್ತಾ ಮಾತಾಡಿದರಂತೂ ಕೇಳುವುದೇ ಬೇಡ, ನಾನು ಕೂತು ಅರ್ಥ ಹೇಳುತ್ತೇನೆ ಎಂದೆ. ಅವರು ಅರೆಮನಸ್ಸಿನಿಂದ ಒಪ್ಪಿದರು. ಅಕ್ಕ ಹೊರಗೆ ಬೆಂಚಿನಲ್ಲಿ ಕೂತಳು. ತಂಗಿ ಕಲಿತವಳು, ಅವಳಿದ್ದರೆ ಸಾಕು — ಅಷ್ಟು ನಂಬಿಕೆ ಅವಳಿಗೆ.

ಕೂದಲು ಯಾಕೆ ಕೀಳುತ್ತೀಯಮ್ಮ ಎಂದು ಡಾಕ್ಟರ್ ಮೆಲ್ಲಗೆ ಕೇಳಿದರು. ಅವಳು ತಲೆ ತಗ್ಗಿಸಿಯೇ, ಬಿಕ್ಕುತ್ತಾ, ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಚಿಕ್ಕಿ ಮನಿಯಂಗೆ ಉಸ್ರ್ ಕಟ್ಟತ್ತ್. ಕೂದ್ಲ್ ಕಿತ್ರೆ ಒಂಚೂರ್ ಹಗುರ ಆತ್ತ್. ನಂಗೆ ಅಬ್ಬಿ ಹತ್ರ ಹೋಯ್ಕ್."

ಡಾಕ್ಟರ್ ನನ್ನ ಮುಖ ನೋಡಿದರು. ನನ್ನ ಮನೆಯೊಳಗೆ ಅವಳಿಗೆ ಉಸಿರು ಕಟ್ಟುತ್ತಿತ್ತು; ಅವಳು ಕೇಳಿದ್ದು ಇಷ್ಟೇ, ಅಮ್ಮನ ಹತ್ತಿರ ಹೋಗಬೇಕು ಎಂದು. ಆ ಮಾತನ್ನು ಹಾಗೆಯೇ ದಾಟಿಸಿದ್ದರೆ ಅವಳು ಅವತ್ತೇ ಅಕ್ಕನ ಜೊತೆ ಬೈಂದೂರಿನ ಬಸ್ಸು ಹತ್ತುತ್ತಿದ್ದಳೋ ಏನೋ. ಆದರೆ ನನ್ನ ಮನೆ, ನನ್ನ ಹೆಸರು, ಊರಿಗೆಲ್ಲ ಹೇಳಿಕೊಂಡಿದ್ದು...

"ಪರೀಕ್ಷೆ ಅಂದ್ರೆ ಭಯವಂತೆ ಸರ್," ಎಂದೆ.

ಸ್ವಾತಿ ತಲೆಯೆತ್ತಿ ನನ್ನನ್ನೇ ನೋಡಿದಳು. ನನ್ನ ಸುಳ್ಳು ಡಾಕ್ಟರಿಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು — ಶಾಲೆಗೆ ಹೋಗುವ ಹುಡುಗಿ, ಎರಡೂ ಕನ್ನಡ ಬರುತ್ತಿತ್ತಲ್ಲ. ಈಗ ಬಾಯಿ ಬಿಡುತ್ತಾಳೆ, ಈಗ ನನ್ನ ಮಾನ ಹೋಗುತ್ತದೆ ಎಂದು ಕಾದೆ. ಅವಳು ಬಾಯಿ ಬಿಡಲಿಲ್ಲ. ಆಮೇಲೆ ಅವರು ಎಷ್ಟು ಕೇಳಿದರೂ ಒಂದಕ್ಕೂ ಉತ್ತರ ಕೊಡಲಿಲ್ಲ. ಪಾಪ, ಅವರು ಪರೀಕ್ಷೆಯ ಭಯಕ್ಕೇ ಉಪಾಯ ಹೇಳಿ ಕಳಿಸಿದರು. ನನಗೆ ಆಗ — ಹೇಳಲು ನಾಚಿಕೆಯಾಗುತ್ತದೆ — ಸಮಾಧಾನವಾಗಿತ್ತು.

ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವಳನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಒಳ್ಳೇ ಮಾರ್ಕ್ಸ್ ಬಂತು. ಪೇಪರಿಗೆ ಫೋಟೋ ತೆಗೆಸುವಾಗಲೂ ಬೋಳು ಮುಚ್ಚಲು ನಾನೇ ಹೂ ಮುಡಿಸಿದ್ದೆ. ಆದರೆ ಆಸ್ಪತ್ರೆಯಿಂದ ಬಂದ ಆ ದಿನದಿಂದ ಅವಳು ನನ್ನೊಡನೆ ಮನೆಯ ಮಾತು ಆಡಿಲ್ಲ. ಅಕ್ಕನಿಗೆ "ಬತ್ತೆ ಅಬ್ಬಿ" ಅನ್ನುವವಳು ನನಗೆ ಪುಸ್ತಕದಲ್ಲಿದ್ದ ಹಾಗೆ "ಬರುತ್ತೇನೆ ಚಿಕ್ಕಮ್ಮ" ಎನ್ನುತ್ತಾಳೆ. ಯಾರೂ ಅರ್ಥ ಹೇಳಬೇಕಾಗಿಲ್ಲದ ಕನ್ನಡ.

ಈಗ ಅಕ್ಕನ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಕಾಲೇಜಿಗೆ ತಲೆಗೆ ಶಾಲು ಸುತ್ತಿಕೊಂಡೇ ಹೋಗುತ್ತಾಳೆ. ಮತ್ತೆ ಡಾಕ್ಟರಿಗೆ ತೋರಿಸಲು ಒಪ್ಪಿದ್ದಾಳಂತೆ. ನಿನ್ನೆ ಅಕ್ಕ ಫೋನ್ ಮಾಡಿ ಕರೆದಳು: "ನೀನೂ ಬಾ ಮಾರಾಯ್ತಿ, ಹಿಂದಿಂದೆಲ್ಲ ನಿಂಗೇ ಗೊತ್ತಿಪ್ಪುದ್."

ಹೌದು, ನನಗೇ ಗೊತ್ತಿರುವುದು. ಹೋಗುತ್ತೇನೆ. ಬಾಗಿಲ ಹೊರಗೆ, ಅಕ್ಕನ ಎದುರೇ, ಸ್ವಾತಿ ಅವತ್ತು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಹೇಳುತ್ತೇನೆ — ಒಂದಕ್ಷರ ಬದಲಿಸದೆ. ಅಕ್ಕ ಮುಖಕ್ಕೆ ಉಗಿದರೆ ಉಗಿಯಲಿ. ಆಮೇಲೆ ಒಳಗೆ ಸ್ವಾತಿ ಒಬ್ಬಳೇ ಹೋಗಲಿ. ನಾನು ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ.