ಆರನೆಯ ಹೂವಿನ ಏಳನೆಯ ಎಸಳು

ತಾವ್ ರುಯಿಲಾನ್ ಹತ್ತೊಂಬತ್ತನೆಯ ವಯಸ್ಸಿಗೆ ಟಿಯಾಂಜಿನ್‌ನ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋದಲ್ಲಿ ಬಣ್ಣ ತುಂಬುವ ಕೆಲಸಕ್ಕೆ ಸೇರಿದಳು. ಬೇರೆಯವರು ಗೆರೆ ಎಳೆದು ಕೊಟ್ಟ ಪಾರದರ್ಶಕ ಹಾಳೆಗಳ ಬೆನ್ನಿಗೆ ಬಣ್ಣ ಹಚ್ಚುವುದು. ದಿನಕ್ಕೆ ಮೂವತ್ತು ಹಾಳೆ. ಮೊಲದ ಕಿವಿಗಳಿಗೆ, ದೋಣಿಗಳಿಗೆ, ಹಬ್ಬದ ಲಾಂದ್ರಗಳಿಗೆ ಅವಳು ಹಚ್ಚಿದ ಕೆಂಪಿಗೆ ಲೆಕ್ಕವಿಲ್ಲ. ಮುಂದೆ ಕಂಪ್ಯೂಟರ್ ಬಂದು ಆ ವಿಭಾಗವೇ ಮುಚ್ಚಿತು. ಜೊತೆಯವರು ಬಟ್ಟೆ ಅಂಗಡಿ, ವಿಮೆ ಅಂತ ಚದುರಿಹೋದರೂ ರುಯಿಲಾನ್ ಮಾತ್ರ ತನಗಿಂತ ಚಿಕ್ಕವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೊಸ ಕೆಲಸ ಕಲಿತಳು. ಈಗ ಅವಳಿಗೆ ನಲವತ್ತೊಂಬತ್ತು. ಕಂಡದ್ದಕ್ಕೆಲ್ಲ 'ಯಾಕೆ' ಎಂದು ಕೇಳುವ ಚಾಳಿಯಿಂದಾಗಿ ಸ್ಟುಡಿಯೋದಲ್ಲಿ ಅವಳಿಗೆ 'ಯಾಕಕ್ಕ' ಎಂಬ ಹೆಸರೇ ನಿಂತುಬಿಟ್ಟಿತ್ತು.

ಆ ವರ್ಷ ಸ್ಟುಡಿಯೋ ನಾಲ್ಕು ಋತುಗಳ ಹಬ್ಬಗಳ ಮೇಲೆ ನಾಲ್ಕು ಕಿರುಚಿತ್ರ ಮಾಡುತ್ತಿತ್ತು. ಚಳಿಗಾಲದ ಪಾಲಿಗೆ ಬಂದದ್ದು ವರ್ಷದ ಅತಿ ಚಿಕ್ಕ ಹಗಲಿನ ದೋಂಗ್‌ಝಿ ಹಬ್ಬ. ನಿರ್ದೇಶಕ ಪಂಗ್ ಜೇ ಮೂವತ್ತೊಂದರ ಹುಡುಗ. ಹಾರ್ಬಿನ್‌ನ ಹಳೆ ಸಾಮಾನಿನ ಸಂತೆಯಿಂದ ತಂದ, ಚೌಕಟ್ಟು ಹಾಕಿದ ಒಂದು ಚಿತ್ರವನ್ನು ಅವನು ಎಲ್ಲರ ಮುಂದಿಟ್ಟ. ಅದು ಚಳಿ ಎಣಿಸುವ ಚಿತ್ರ: ಪ್ಲಮ್ ಕೊಂಬೆಯೊಂದರಲ್ಲಿ ಒಂಬತ್ತು ಹೂವು, ಒಂದೊಂದಕ್ಕೆ ಒಂಬತ್ತು ಎಸಳು. ದೋಂಗ್‌ಝಿಯಿಂದ ಆರಂಭಿಸಿ ದಿನಕ್ಕೊಂದು ಎಸಳಿಗೆ ಕೆಂಪು ಹಚ್ಚುತ್ತ ಹೋದರೆ ಎಂಬತ್ತೊಂದನೆಯ ದಿನಕ್ಕೆ ವಸಂತ. ಅಂಚಿನಲ್ಲಿ ೧೯೬೩ ಎಂದು ಬರೆದಿತ್ತು.

"ಎಂಟು ಸೆಕೆಂಡಲ್ಲಿ ಎಂಬತ್ತೊಂದೂ ಅರಳಿಬಿಡ್ಬೇಕು. ಆದ್ರೆ ಇದರ ಹಾಗೆ ಅಲ್ಲ, ನೀಟಾಗಿ ತುಂಬಿ. ಇದನ್ನ ಯಾವ್ದೋ ಮಗು ಗೀಚಿದೆ," ಅಂದ ಪಂಗ್.

ರುಯಿಲಾನ್ ಕನ್ನಡಕ ಹಣೆಗೇರಿಸಿ ಚಿತ್ರಕ್ಕೆ ಮೂಗು ತಾಗಿಸುವಷ್ಟು ಬಗ್ಗಿದಳು. ಒಂದನ್ನು ಬಿಟ್ಟರೆ ಯಾವ ಎಸಳೂ ಪೂರ್ತಿ ತುಂಬಿರಲಿಲ್ಲ. ಕೆಲವಕ್ಕೆ ಮೇಲೆ ಮಾತ್ರ ಬಣ್ಣ, ಕೆಲವಕ್ಕೆ ಕೆಳಗೆ, ಕೆಲವಕ್ಕೆ ಎಡಕ್ಕೆ. ಗೀಚಿದ ಮಗು ಗೆರೆ ದಾಟುತ್ತದೆ. ಇಲ್ಲಿ ಒಂದು ಹನಿಯೂ ದಾಟಿರಲಿಲ್ಲ.

ಸಂಜೆ ಅತ್ತೆಗೆ ಫೋನ್ ಮಾಡಿ ಕೇಳಿದಳು. ಆ ಕಡೆಯಿಂದ ನಗು.

"ಅಷ್ಟೂ ಗೊತ್ತಿಲ್ವಾ ನಿಂಗೆ? ಮೋಡ ಇದ್ರೆ ಮೇಲೆ ಹಚ್ಚೋದು, ಬಿಸಿಲಿದ್ರೆ ಕೆಳಗೆ. ಗಾಳಿಗೆ ಎಡ, ಮಳೆಗೆ ಬಲ, ಹಿಮ ಬಿದ್ರೆ ನಟ್ಟನಡುವೆ. ನಮ್ಮಮ್ಮ ಮಾಡ್ತಿದ್ಲು. ಮೂವತ್ತು ವರ್ಷ ಬಣ್ಣ ಹಚ್ಚಿ ಏನು ಕಲಿತೆ ತಾಯೀ!"

ಮರುದಿನ ಅವಳು ಭೂತಗನ್ನಡಿ ತಂದಳು. ಮೊದಲ ಐವತ್ತೊಂದು ಎಸಳುಗಳಲ್ಲಿ ಕುಂಚ ಎಡದಿಂದ ಬಲಕ್ಕೆ ಹೋಗಿ, ಬಣ್ಣ ಬಲತುದಿಯಲ್ಲಿ ದಪ್ಪಗೆ ನಿಂತಿತ್ತು. ಐವತ್ತಮೂರರಿಂದ ಕೊನೆಯವರೆಗೆ ಬಣ್ಣ ನಿಂತದ್ದು ಎಡತುದಿಯಲ್ಲಿ. ಅಂದರೆ ಬೇರೆ ಕೈ, ಅದೂ ಎಡಗೈ. ನಡುವಿನ ಐವತ್ತೆರಡನೆಯದು, ಆರನೆಯ ಹೂವಿನ ಏಳನೆಯ ಎಸಳು, ಅಂಚಿನಿಂದ ಅಂಚಿಗೆ ಕೆಂಪು. ಅದರಲ್ಲಿ ಕುಂಚದ ಗುರುತೇ ಇರಲಿಲ್ಲ. ಯಾರೋ ಬೆರಳಲ್ಲಿ ಒತ್ತಿ ಬಳಿದಿದ್ದರು. ಬೆರಳಿನ ಸುತ್ತುಗಳು ಇನ್ನೂ ಕಾಣುತ್ತಿದ್ದವು.

"ಆವತ್ತು ಎಂಥ ಹವಾಮಾನ ಇತ್ತು ಅಂತೀಯಾ, ಪಂಗ್?"

"ತಾವ್ ಅಕ್ಕ, ನಂಗೆ ಗಡುವು ಇದೆ. ಅರವತ್ತು ವರ್ಷದ ಹಿಂದಿನ ಮೋಡ ಕಟ್ಕೊಂಡು ನಾನೇನ್ ಮಾಡ್ಲಿ?"

"ಚೌಕಟ್ಟು ಬಿಚ್ಚಲಾ?"

"ಬೇಡ ಅಂದ್ರೆ ಬಿಡ್ತೀರಾ?"

ಬಿಚ್ಚಿದಳು. ಚಿತ್ರದ ಕಾಗದವನ್ನೇ ಮಡಚಿ ಲಕೋಟೆ ಮಾಡಿ ಅಂಚೆಗೆ ಹಾಕಿದ್ದರು. ಬೆನ್ನಿನ ಮೇಲೆ ಹಾರ್ಬಿನ್ ಆಚೆಯ ಒಂದು ಹಳ್ಳಿಯ ವಿಳಾಸ. ಕೆಳಗೆ ಕಳಿಸಿದವರದ್ದು: ಬಾವೋದಿಂಗ್, ಉಪ್ಪಿನ ಓಣಿ, ಗೆಂಗ್ ಮನೆ.

ಬಾವೋದಿಂಗ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಶನಿವಾರ ರುಯಿಲಾನ್ ಹೋದಾಗ ಉಪ್ಪಿನ ಓಣಿಯ ಅರ್ಧ ಭಾಗವನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದರು. ಮೂಲೆಯಲ್ಲಿ ಕತ್ತೆಮಾಂಸದ ರೊಟ್ಟಿ ಮಾರುತ್ತಿದ್ದವನ ಹತ್ತಿರ ಗೆಂಗ್ ಮನೆಯನ್ನು ವಿಚಾರಿಸಿದಳು.

"ಯಾವ ಗೆಂಗ್? ಎಡಚಿ ಗೆಂಗಾ?"

ರುಯಿಲಾನ್ ತಟ್ಟನೆ ತಲೆಯಾಡಿಸಿದಳು. "ಹೌದು, ಅವ್ರೇ," ಅಂದಳು.

ಗೆಂಗ್ ಯುಫೆನ್‌ಗೆ ಎಪ್ಪತ್ತು ವರ್ಷ. ಕಾಗದದ ಕಾರ್ಖಾನೆಯಿಂದ ನಿವೃತ್ತಳಾಗಿ ಮಗಳ ಜೊತೆ ನಾಲ್ಕನೆಯ ಮಹಡಿಯಲ್ಲಿ ಇದ್ದಳು. ವಿಮೆಯವಳು ಇರಬೇಕೆಂದು ಬಾಗಿಲನ್ನು ಅರ್ಧ ಮಾತ್ರ ತೆರೆದಳು. ರುಯಿಲಾನ್ ಕಾಗದ ಬಿಡಿಸಿ ಹಿಡಿದಳು. ಮುದುಕಿ ಅದನ್ನು ನೋಡಿದಳು, ಇವಳನ್ನು ನೋಡಿದಳು, ಆಮೇಲೆ ಬಾಗಿಲು ಪೂರ್ತಿ ತೆರೆದು ಒಳಗೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟಳು.

"ಇದು ನಿನ್ನ ಕೈಗೆ ಹೇಗೆ ಬಂತು?"

ಸಂತೆಯ ಕಥೆ ಕೇಳಿದ ಮೇಲೆ ಅವಳೇ ಬಾಯಿಬಿಟ್ಟಳು. ಅದು ಅಕ್ಕ ಯುಶ್ಯಾಳ ಚಿತ್ರ. ಆಗ ಅಕ್ಕನಿಗೆ ಹತ್ತೊಂಬತ್ತು, ಯುಫೆನ್‌ಗೆ ಹತ್ತು. ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಕುಂಚ ಮಾತ್ರ ಅವಳು ಹೇಳಿದಂತೆ ಕೇಳುತ್ತಿತ್ತು. ಚೀನೀ ಹೊಸ ವರ್ಷಕ್ಕೆ ಎರಡು ದಿನ ಮುಂಚೆ, ಐವತ್ತೆರಡನೆಯ ದಿನ, ಅವಳನ್ನು ಈಶಾನ್ಯದ ಹಾರ್ಬಿನ್ ಕಡೆಯವನೊಬ್ಬನಿಗೆ ಮದುವೆ ಮಾಡಿ ಕಳಿಸಿದರು.

"ಆ ದಿನದ ಎಸಳು..." ರುಯಿಲಾನ್ ತಡೆಯಲಾರದೆ ಕೇಳಿದಳು, "ಹಿಮ ಇತ್ತಾ ದೊಡ್ಡಮ್ಮಾ? ಬಿಸಿಲಾ?"

"ಯಾರು ನೋಡಿದ್ರು? ಕಲ್ಲಿದ್ದಲು ಕೋಣೇಲಿ ಬಚ್ಚಿಟ್ಕೊಂಡಿದ್ದೆ. ಅಕ್ಕ ಓಣಿ ತುಂಬ ಕೂಗಿದ್ಲು, ನಾನು ಓಗೊಡ್ಲಿಲ್ಲ. ಬಂಡಿ ಹೊರಟ ಮೇಲೆ ಬಂದು ಬೆರಳಲ್ಲಿ ಬಳಿದೆ, ಕೋಪ ಬಂದಿತ್ತು. ಅಮ್ಮ ಬೆರಳ ಮೇಲೆ ಎರಡು ಬಾರಿಸಿದ್ಲು."

"ಮತ್ತೆ ಉಳಿದದ್ದು?"

"ಮಾರನೇ ದಿನ ಕೋಪ ಇಳೀತು. ಅವಳಿಗೆ ಕಾಗದ ಬರೆದ್ರೆ ಓದೋಕೆ ಬರಲ್ಲ. ಇದಾದ್ರೆ ಓದ್ತಾಳಲ್ಲ! ಊರಲ್ಲಿ ಇವತ್ತು ಗಾಳಿ, ಇವತ್ತು ಬಿಸಿಲು ಅಂತ. ಮುಗಿಸಿ ಅಂಚೆಗೆ ಹಾಕಿದೆ. ಉತ್ತರ ಬರ್ಲಿಲ್ಲ. ಮೂರು ವರ್ಷಕ್ಕೆ ಜ್ವರ ಬಂದು ಅಲ್ಲೇ ಹೋದ್ಲು. ಇದು ತಲುಪ್ತೋ ಇಲ್ವೋ ನಂಗೆ ಗೊತ್ತೇ ಆಗ್ಲಿಲ್ಲ."

ರುಯಿಲಾನ್ ಕಾಗದವನ್ನು ತಿರುಗಿಸಿ ಅದರ ಮೂಲೆಗಳನ್ನು ಬೆಳಕಿಗೆ ಹಿಡಿದಳು. "ಇಲ್ಲಿ ನೋಡಿ. ಹಿಟ್ಟಿನ ಅಂಟು. ಗೋಡೆಗೆ ಅಂಟಿಸಿದ್ರು. ನಾಲ್ಕು ಮೂಲೇಲೂ ಮೂರು ಮೂರು ಪದರ ಇದೆ. ಕಿತ್ತು ಜೋಪಾನವಾಗಿ ಇಟ್ಟು, ಮತ್ತೆ ಅಂಟಿಸಿದ್ದಾರೆ. ಮೂರು ಸಲ."

ಯುಫೆನ್ ಅಂಟಿನ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದಳು. "ಮೂರು ಚಳಿಗಾಲ," ಅಂದಳು. ಮೂಗು ಒರೆಸಿಕೊಂಡು ಎದ್ದಳು. "ಕೂತ್ಕೋ. ನೂಡಲ್ಸ್ ಬೇಯಿಸ್ತೀನಿ."

ಸೋಮವಾರ ರುಯಿಲಾನ್ ಹೇಳಿದ್ದನ್ನು ಕೇಳಿದ ಪಂಗ್ ತಲೆ ಕೆರೆದುಕೊಂಡ. "ಎಂಟು ಸೆಕೆಂಡಿಗೆ ಇದು ಹಿಡಿಯಲ್ಲ," ಅಂದ. ಊಟದ ಹೊತ್ತಿಗೆ ಬಂದು, "ಇಡೀ ಚಿತ್ರ ಇದೇ ಆಗ್ಲಿ, ಎರಡು ನಿಮಿಷ. ಆದ್ರೆ ಗಡುವು ಅದೇ," ಅಂದ.

ಐವತ್ತೊಂದು ಎಸಳುಗಳನ್ನು ರುಯಿಲಾನ್ ಕಾಗದದ ಮೇಲೆ ಕುಂಚದಿಂದಲೇ ಬರೆದಳು. ಉಳಿದವುಗಳಿಗೆ ತನ್ನ ಎಡಗೈಯನ್ನು ಒಂದು ವಾರ ಪಳಗಿಸಿದಳು. ಆದರೆ ಆ ಕೈ ಬಳಿದದ್ದರಲ್ಲಿ ನಕಲಿನ ಕಳೆ ಎದ್ದು ಕಾಣುತ್ತಿತ್ತು. ಕೊನೆಗೆ ಕುಂಚ, ಬಣ್ಣ ಚೀಲಕ್ಕೆ ತುಂಬಿಕೊಂಡು ಬಾವೋದಿಂಗ್‌ಗೆ ಹೋದಳು.

"ನಾನಾ? ಹುಚ್ಚಾ ನಿಂಗೆ?" ಅಂದಳು ಯುಫೆನ್. "ಈ ಕೈಗೆ ಆಮೇಲೆ ಸ್ಕೂಲಲ್ಲಿ ದಾರ ಸುತ್ತಿ ಕಟ್ಟಿಹಾಕಿದ್ರು. ಬಲಗೈಲಿ ಬರೆಯೋದು, ಬಲಗೈಲಿ ತಿನ್ನೋದು. ಎಡಚಿ ಅನ್ನೋ ಹೆಸರು ಹೋಗ್ಲಿಲ್ಲ, ಎಡಗೈ ಜಗಳಕ್ಕೆ ಮಾತ್ರ ಉಳ್ಕೊಂಡಿದೆ."

ಹಾಗೆಂದರೂ ಅಂಗಿಯ ತೋಳು ಮೇಲೇರಿಸಿ ಕೂತಳು. ಮೊದಲ ಮೂರು ಹಾಳೆ ಕೆಟ್ಟವು, ನಾಲ್ಕನೆಯದು ಸರಿಬಂತು. ಎರಡು ಭಾನುವಾರಗಳಲ್ಲಿ ಇಪ್ಪತ್ತೊಂಬತ್ತೂ ಮುಗಿದವು. ನಡುನಡುವೆ ಅವಳು ಹಳೆಯ ಚಿತ್ರ ನೋಡಿ, "ಈ ದಿನ ಗಾಳಿಗೆ ನಮ್ಮ ಬಾಗಿಲ ಪರದೆ ಹಾರಿಹೋಗಿ ಪಕ್ಕದ ಮನೆ ಕೋಳಿ ಮೇಲೆ ಬಿದ್ದಿತ್ತು" ಎಂದರೆ ರುಯಿಲಾನ್ ಅದನ್ನು ಬರೆದುಕೊಳ್ಳುವಳು. ಹಾಗೆ ಆ ಕೋಳಿಯೂ ಚಿತ್ರದೊಳಗೆ ಸೇರಿತು.

ಉಳಿದದ್ದು ಐವತ್ತೆರಡನೆಯದು. ಯುಫೆನ್ ಬೆರಳನ್ನು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಹಿಡಿದು, ಹಿಂದಕ್ಕೆ ತೆಗೆದಳು.

"ಆಗಲ್ಲಮ್ಮ. ಈಗ ಕೋಪ ಇಲ್ಲ. ಸುಳ್ಳಾಗತ್ತೆ."

ರುಯಿಲಾನ್ ಒತ್ತಾಯಿಸಲಿಲ್ಲ. ಆ ಒಂದು ಎಸಳನ್ನು ಹಳೆಯ ಕಾಗದದಿಂದಲೇ ಹಾಗೇ ತೆಗೆದುಕೊಂಡಳು. ಎರಡು ನಿಮಿಷದ ಚಿತ್ರದಲ್ಲಿ ಹಿಮ ಬೀಳುತ್ತದೆ, ಮೋಡ ಕವಿಯುತ್ತದೆ, ಎಲೆ ಹಾರುತ್ತದೆ. ಐವತ್ತೆರಡಕ್ಕೆ ಬಂದಾಗ ಎಲ್ಲವೂ ನಿಂತು, ನಾಲ್ಕು ಸೆಕೆಂಡು ತೆರೆಯ ತುಂಬ ಹತ್ತು ವರ್ಷದ ಹುಡುಗಿಯ ಬೆರಳಿನ ಸುತ್ತುಗಳು ಮಾತ್ರ ಇರುತ್ತವೆ.

ದೋಂಗ್‌ಝಿಯ ಮಧ್ಯಾಹ್ನ ಯುಫೆನ್‌ಳ ಮನೆಯಲ್ಲಿ ರುಯಿಲಾನ್, ಅವಳ ಬಸ್ ಚಾಲಕ ಗಂಡ, ಪಂಗ್, ಮೂವರೂ ಸೇರಿದರು. ಮುದುಕಿ ಫೋನಿನಲ್ಲಿ ಚಿತ್ರವನ್ನು ಮೂರು ಸಲ ನೋಡಿದಳು. ಪಂಗ್ ಅವಳ ಮುಖವನ್ನೇ ನೋಡುತ್ತ ಕಾದ.

"ಕೋಳಿ ಕಪ್ಪು ಕಣಪ್ಪಾ. ನೀನು ಬಿಳಿ ಮಾಡಿದ್ದೀಯ."

"ತಪ್ಪಾಯ್ತು ದೊಡ್ಡಮ್ಮಾ."

"ಹೋಗ್ಲಿ ಬಿಡು. ಅಕ್ಕ ಇದ್ದಿದ್ರೆ ಬೈತಿದ್ಲು." ಪಂಗ್ ಚೀಲದಿಂದ ಹಳೆಯ ಚಿತ್ರವನ್ನು ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಬೇಡ ಎನ್ನಲಿಲ್ಲ. ಎದ್ದು ಒಳಗಿನಿಂದ ಕಡುಬಿನಂಥ ಡಂಪ್ಲಿಂಗ್‌ಗಳ ತಟ್ಟೆ ತಂದು, ಮೇಜಿನ ನಡುವೆ ಇಟ್ಟು, "ಬಿಸಿ ಇರುವಾಗ್ಲೇ ತಿನ್ರಿ, ಇಲ್ದಿದ್ರೆ ಚಳಿಗೆ ಕಿವಿ ಉದುರ್ತವೆ" ಎಂದು ಆ ಹಬ್ಬದ ಹಳೇ ಮಾತು ಹೇಳಿ ಗದರಿದಳು.