ನೂರಿಯಾ ಖಾಲಾಗೆ ಹೊದಿಸಲಾಗದ ಬಾವುಟ

ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ಒಂದು ದಾಗಿಸ್‌ನ, ಅಂದರೆ ಶಿಶುವಿಹಾರದ, ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ನೂರಿಯಾ ಖಾಲಾ ಒಂದು ದೇಶದ ಮಂತ್ರಿಯಾಗಿದ್ದವರು ಎಂದರೆ ಯಾರೂ ನಂಬುತ್ತಿರಲಿಲ್ಲ. ಅವರೂ ನಂಬಿಸಲು ಹೋಗುತ್ತಿರಲಿಲ್ಲ. ಅಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾ, ಅವರನ್ನು ಚಿಕ್ಕಮ್ಮನೆಂದೇ ಬಗೆದು ಖಾಲಾ ಎಂದು ಕರೆಯುತ್ತಿದ್ದ ದಾವಣಗೆರೆಯ ಫೆಹ್ಮಿದಾಗೆ ಮಾತ್ರ ಎಲ್ಲ ಗೊತ್ತಿತ್ತು.

ಖಾಲಾರ ದೇಶದಲ್ಲಿ ಜನ ಬೀದಿಗಿಳಿದು ಸರ್ವಾಧಿಕಾರಿಯನ್ನು ಓಡಿಸಿದ್ದರು. ಮೊದಲ ಚುನಾವಣೆಯಲ್ಲೇ ಖಾಲಾ ಗೆದ್ದು ಮಂತ್ರಿಯಾದರು. ಕುರ್ಚಿಗೆ ಬೆನ್ನು ತಾಗಿದ್ದೇ ತಡ, ಜೊತೆಗಾರರು ಹಳೆಯ ಜೈಲುಗಳನ್ನು ಮತ್ತೆ ತುಂಬಿಸತೊಡಗಿದರು. "ಇವನ್ನು ಒಡೆಯೋಕೆ ತಾನೇ ನಾವು ಬೀದಿಗಿಳಿದದ್ದು?" ಎಂದು ಸಂಪುಟದಲ್ಲಿ ಕೇಳಿದ ತಪ್ಪಿಗೆ ಖಾಲಾಗೂ ಅದೇ ಜೈಲಾಯಿತು. ಹೊರಬಂದವರು ಸ್ವೀಡನ್ ಸೇರಿದರು. ಬಾಯಿ ಮಾತ್ರ ಮುಚ್ಚಲಿಲ್ಲ.

ಇಲ್ಲೂ ರಾಜಕೀಯ ಬಿಟ್ಟರೆ ತಾನೇ! ಪಾಸ್ತಾನೋ ಪ್ಯಾನ್‌ಕೇಕೋ ಎಂದು ಮಕ್ಕಳ ಕೈ ಎತ್ತಿಸಿ ಮತ ಹಾಕಿಸುತ್ತಿದ್ದರು. "ಸೋತವರಿಗೂ ಊಟ ಇದೆ. ನನ್ನ ಪಕ್ಷದ ಸಿದ್ಧಾಂತ ಅಷ್ಟೇ," ಎನ್ನುತ್ತಿದ್ದರು.

ಕಾಯಿಲೆ ಬಿದ್ದಾಗ ಫೆಹ್ಮಿದಾಳ ಕೈ ಹಿಡಿದು ಹೇಳಿದರು: "ನಾನು ಸತ್ತ ಮೇಲೆ ನನ್ನ ಜೈಲಿಗೆ ಹಾಕಿದವರೇ ದೇಶದ ಬಾವುಟ ತರ್ತಾರೆ. ನನ್ನ ಹೆಣ ಇಟ್ಟುಕೊಂಡು ವೋಟು ಕೇಳ್ತಾರೆ. ಹೊದಿಸೋಕೆ ಬಿಡಬೇಡ."

"ಬಿಡಲ್ಲ ಖಾಲಾ."

೨೦೧೮ರ ನವೆಂಬರಿನಲ್ಲಿ ಖಾಲಾ ಹೋದರು. ಮರುದಿನ ಅವರ ದೇಶದ ರಾಯಭಾರ ಕಚೇರಿಯ ಅಧಿಕಾರಿ ಹೂಗುಚ್ಛ ಹಿಡಿದು ಫೆಹ್ಮಿದಾಳ ಮನೆಗೆ ಬಂದ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಅಭ್ಯಾಸವಿಲ್ಲದ ಫೆಹ್ಮಿದಾ ಕೂರಿಸಿ ಚಹಾ ಕೊಟ್ಟಳು. ಆತ ಕಣ್ಣೊರೆಸಿಕೊಂಡು, ದಫನ್ ಯಾವಾಗ, ಎಲ್ಲಿ ಎಂದು ಕೇಳಿದ. ಹೇಳಿಬಿಟ್ಟಳು.

ಗಂಡ ಖಲೀಲುಲ್ಲಾ ತಲೆ ಮೇಲೆ ಕೈ ಹೊತ್ತು ಕೂತ. "ಚಹಾ ಕೊಟ್ಟೆ, ಓಕೆ. ಟೈಮು, ಜಾಗ ಎಲ್ಲ ಯಾಕೆ ಹೇಳಿದೆ?"

"ಅಳ್ತಿದ್ರು ರೀ."

"ಈಗ ಬಾವುಟ ಬೇಡ ಅಂದ್ರೆ ಜಗಳ ಮಾಡಿ ಅದರದ್ದೂ ಫೋಟೋ ಹಾಕ್ತಾರೆ."

ಖಾಲಾಗೆ ಕೊಟ್ಟ ಮಾತನ್ನು ಒಂದು ಲೋಟ ಚಹಾದಲ್ಲಿ ಮುಳುಗಿಸಿದೆನಲ್ಲ ಎಂದು ಫೆಹ್ಮಿದಾಗೆ ತನ್ನ ಮೇಲೆಯೇ ಸಿಟ್ಟು ಬಂತು. ಖಾಲಾಗೆ ತಾನೇ ಕೊನೆಯ ಸ್ನಾನ ಮಾಡಿಸುವಾಗಲೂ ಆ ಸಿಟ್ಟು ಇಳಿಯಲಿಲ್ಲ.

ಶುಕ್ರವಾರ ಕಬರಸ್ತಾನಕ್ಕೆ ಅಧಿಕಾರಿ ಬಂದೇ ಬಂದ. ಕೈಯಲ್ಲಿ ಇಸ್ತ್ರಿ ಮಾಡಿದ ಬಾವುಟ, ಹಿಂದೆ ಕ್ಯಾಮೆರಾದವನು. ನಮಾಜಿಗೆ ಮೊದಲು ಸತ್ತವರ ಕಡೆಯವರೊಬ್ಬರು ನಿಂತು, ಇವರಿಂದ ನೋವಾಗಿದ್ದರೆ ಮಾಫ್ ಮಾಡಿ ಎಂದು ನೆರೆದವರನ್ನು ಕೇಳುವುದು ರೂಢಿ. ಖಾಲಾಗೆ ಇಲ್ಲಿ ಯಾರೂ ಇರಲಿಲ್ಲವಾದ್ದರಿಂದ ಖಲೀಲುಲ್ಲಾ ಕೇಳಬೇಕಿತ್ತು. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಫೆಹ್ಮಿದಾ ಮುಂದೆ ಬಂದು ನಿಂತಳು.

"ನೂರಿಯಾ ಖಾಲಾರಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ," ಎಂದಳು ಸ್ವೀಡಿಷ್‌ನಲ್ಲಿ.

"ಮಾಡಿದ್ದೇವೆ," ಎಂದರು ಎಲ್ಲರೂ.

ರೂಢಿ ಅಲ್ಲಿಗೇ ಮುಗಿಯುತ್ತದೆ. ಫೆಹ್ಮಿದಾ ಮುಗಿಸಲಿಲ್ಲ. ಅಧಿಕಾರಿಯ ಕಡೆ ತಿರುಗಿದಳು.

"ಖಾಲಾಗೆ ನೋವು ಕೊಟ್ಟವರ ಕಡೆಯಿಂದ ನೀವು ಬಂದಿದ್ದೀರಿ. ಜೈಲಿಗೆ ಹಾಕಿದ್ದು ನಾವೇ, ತಪ್ಪಾಯಿತು ಅಂತ ಇವರೆಲ್ಲರ ಮುಂದೆ ಮಾಫಿ ಕೇಳಿ. ಆಮೇಲೆ ಹೊದಿಸಿ, ನಾನು ತಡೆಯಲ್ಲ."

ಕ್ಯಾಮೆರಾದವನು ಅಭ್ಯಾಸಬಲದಿಂದ ಕ್ಯಾಮೆರಾವನ್ನು ಅಧಿಕಾರಿಯ ಮುಖಕ್ಕೇ ತಿರುಗಿಸಿದ. ಒಂದೇ ಮಾತು ಸಾಕಿತ್ತು. ಅದರ ಬದಲು ಅಧಿಕಾರಿ ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಸಾಲಿಗೆ ಸರಿದ.

ಶವಪೆಟ್ಟಿಗೆಯ ಮೇಲೆ ಫೆಹ್ಮಿದಾ ತಂದಿದ್ದ ಬಿಳಿ ಬಟ್ಟೆ ಹಾಸಿದರು. ದಾಗಿಸ್‌ನ ಮಕ್ಕಳು ಅದರ ತುಂಬ ಬಣ್ಣದ ಅಂಗೈ ಒತ್ತಿದ್ದರು. ಈ ಸಲ ಎತ್ತಿದ ಕೈಗಳೆಲ್ಲ ಖಾಲಾಗೇ.