ಫೆಲಿಕ್ಸನ ದಾಳ

ಫೆಲಿಕ್ಸ್, ದಾಳ ನಿನ್ನ ಪರವಾಗಿಯೇ ಬಿದ್ದಿತ್ತು. ಬೀಳಲಿಲ್ಲವೆಂದು ಸುಳ್ಳು ಹೇಳಿದ್ದು ನಾನು.

ಎಪ್ಪತ್ತರ ದಶಕದ ಮಣಿಪಾಲ, ನಮ್ಮ ಹಾಸ್ಟೆಲ್ ಕೋಣೆ—ನಿನಗೆ ಮರೆತಿರಲಾರದು. ಅಮೆರಿಕದಲ್ಲಿ ಬೆಳೆದ ನಮ್ಮ ರೂಮ್‌ಮೇಟ್ ರವಿ ತಂದಿದ್ದ, ಕೂತಲ್ಲೇ ದಾಳ ಹಾಕಿ ಆಡುವ ಬೇಸ್‌ಬಾಲ್ ಆಟದ ಪೆಟ್ಟಿಗೆ. ಒಳಗೆ ದಾಳಗಳು, ಆಟಗಾರರ ಹೆಸರಿನ ಕಾರ್ಡುಗಳು. ನಿಜವಾದ ಬೇಸ್‌ಬಾಲನ್ನು ನಾವಿಬ್ಬರೂ ಕಂಡವರಲ್ಲ. ಆದರೂ ನಾನೊಂದು ತಂಡದ ಮ್ಯಾನೇಜರ್, ನೀನೊಂದು ತಂಡದ ಮ್ಯಾನೇಜರ್! ಲೀಗ್ ಶುರುವಾಗುವ ಮೊದಲು ವಸಂತದ ತರಬೇತಿ ಎಂಬುದೊಂದು ನಡೆಯುತ್ತಿತ್ತು. ಹೊಸ ಆಟಗಾರನ ಹೆಸರಲ್ಲಿ ದಾಳ ಹಾಕಬೇಕು; ಚೆನ್ನಾಗಿ ಬಿದ್ದರೆ ತಂಡದಲ್ಲಿ ಉಳಿಯುತ್ತಾನೆ, ಇಲ್ಲವಾದರೆ ಮನೆಗೆ. ನೀನು ಖಾಲಿ ಕಾರ್ಡಿನ ಮೇಲೆ ನಿನ್ನದೇ ಹೆಸರು ಬರೆದಿದ್ದೆ.

ಅದೇ ಸಮಯಕ್ಕೆ ಅನಾಟಮಿಯಲ್ಲಿ ನೀನು ಮತ್ತೆ ಫೇಲಾದೆ. ಅಪ್ಪನಿಗೆ ಹುಷಾರಿಲ್ಲವೆಂದು ಕಾರ್ಕಳದಿಂದ ಸುದ್ದಿಯೂ ಬಂತು. ಹೊರಟ ಬಸ್ಸಿನ ಕಿಟಕಿಯಿಂದ ನೀನು ಹೇಳಿದ್ದು—

"ನನ್ನ ದಾಳ ನೀನೇ ಹಾಕು ಮಾರಾಯ. ಟೀಮಿನಲ್ಲಿ ಉಳಿದರೆ ಇನ್ನೊಮ್ಮೆ ಪರೀಕ್ಷೆಗೆ ಕೂರ್ತೇನೆ. ಇಲ್ಲದಿದ್ರೆ ಅಪ್ಪನ ಸೋಡಾ ಅಂಗಡಿ ಉಂಟಲ್ಲ."

ನಮ್ಮ ಮನೆಯವರು ದೇವರೆದುರು ಹೂಪ್ರಸಾದ ಕೇಳಿ ತೀರ್ಮಾನಿಸುತ್ತಾರೆಂದು ನನ್ನನ್ನು ಗೇಲಿ ಮಾಡುತ್ತಿದ್ದವನು ನೀನು. ಕೊನೆಗೆ ನೀನೂ ಕೇಳಿದೆ—ದಾಳವನ್ನು. ತಮಾಷೆ ಅಂದುಕೊಂಡೆ ಎನ್ನಲೇ? ಇಲ್ಲ. ನೀನು ನಗುತ್ತಿರಲಿಲ್ಲ, ಅದನ್ನು ನಾನು ನೋಡಿದ್ದೆ.

ಹಾಕಿದೆ. ಒಂದಾದ ಮೇಲೊಂದು—ಅಬ್ಬಾ, ಎಷ್ಟು ಚೆನ್ನಾಗಿ ಬಿದ್ದವು! ರವಿ ಊಟಕ್ಕೆ ಹೋಗಿದ್ದ, ಕೋಣೆಯಲ್ಲಿ ನಾನೊಬ್ಬನೇ. ಇಂಥ ಆಟಗಾರ ನಿನ್ನ ತಂಡ ಸೇರಿದರೆ ನನ್ನ ಕಥೆ ಮುಗಿಯಿತು ಎಂದು ಹೊಟ್ಟೆ ಉರಿಯಿತು. ನಿನ್ನ ಹೆಸರಿನ ಮೇಲೆ ಗೀಟು ಎಳೆದೆ. ಒಂದು ರಟ್ಟಿನ ಪೆಟ್ಟಿಗೆಯ ಆಟ ಗೆಲ್ಲಲಿಕ್ಕೆ—ಥೂ, ನನ್ನ ಜನ್ಮಕ್ಕೆ.

ನೀನು ಊರಿನಿಂದ ಬಂದವನೇ ಬಾಗಿಲಲ್ಲಿ ನಿಂತು ಕೇಳಿದೆ: "ಎಂತ ಆಯ್ತು?"

"ಹೋಯ್ತು ಮಾರಾಯ. ಒಂದೂ ಬೀಳಲಿಲ್ಲ."

ನೀನು ಮಂಚದಡಿಯ ಟ್ರಂಕು ಎಳೆದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬದಲಿಗೆ ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದು ಬಸ್ಸಿನವರೆಗೂ ಬಂದೆ—ಆಪ್ತ ಗೆಳೆಯನಲ್ಲವೇ! ನೀನಿಲ್ಲದೆ ಆ ಲೀಗ್ ನಡೆಯಲೂ ಇಲ್ಲ. ನಾನು ಡಾಕ್ಟರಾದೆ, ಕಾಪುವಿನಲ್ಲಿ ಬೋರ್ಡು ಹಾಕಿದೆ.

ಮೊನ್ನೆ ಕಾರ್ಕಳದ ನಿನ್ನ ಅಂಗಡಿಗೆ ಬಂದಾಗ ನೀನೇ ಗೋಲಿಸೋಡಾ ಒಡೆದು ಕೊಟ್ಟೆ. ಪರೀಕ್ಷೆಯಲ್ಲಿ ಫೇಲಾಗಿ ಮುಖ ಇಳಿಬಿಟ್ಟು ಕೂತಿದ್ದ ಮಗನಿಗೆ ನನ್ನನ್ನು ತೋರಿಸಿ ಹೇಳಿದೆ: "ಓದು ಇವರ ಹಣೆಯಲ್ಲಿ ಬರೆದಿತ್ತು. ನನ್ನದರಲ್ಲಿ ಇರಲಿಲ್ಲ, ದೇವರೇ ತೋರಿಸಿಕೊಟ್ಟ. ನಿನ್ನದರಲ್ಲೂ ಇಲ್ಲದಿದ್ರೆ ಬಿಡು ಮಗಾ, ಅಂಗಡಿ ಉಂಟಲ್ಲ."

ನಾನು ಹೌದೆಂದು ತಲೆಯಾಡಿಸಿದೆ, ಫೆಲಿಕ್ಸ್. ತಲೆಯಾಡಿಸಿ, ಸೋಡಾ ಪೂರ್ತಿ ಕುಡಿದೆ.

ಈ ಭಾನುವಾರ ನೀನು ಇಗರ್ಜಿಯಿಂದ ಬರುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿರುತ್ತೇನೆ. ಮಗನನ್ನೂ ಕರೆದುಕೊಂಡು ಬಾ. ಆಮೇಲೆ ನನ್ನ ಮುಖಕ್ಕೆ ಉಗಿಯುವುದಾದರೆ ಉಗಿ—ಆದರೆ ದಾಳ ಹೇಗೆ ಬಿದ್ದಿತ್ತು ಎಂದು ಅವನು ನನ್ನ ಬಾಯಿಂದಲೇ ಕೇಳಬೇಕು.